ಯಶವಂತ ಮಿಸ್ತ್ರಿಯ ಗೋಡೆ

ಯಶವಂತ ಮಿಸ್ತ್ರಿಯವರ ಅಂಗಡಿಯ ಒಳಗೋಡೆಯ ಮೇಲೆ ಅಪರಾಧಿಗಳು ನೇತಾಡುತ್ತಿದ್ದರು. ಹಿಡಿದ ನಟ್ಟಿನಿಂದ ಜಾರಿ ಹೆಬ್ಬೆರಳು ಕೊಯ್ದ ಪಕ್ಕಡ, ಕರೆಂಟಿಲ್ಲವೆಂದು ಸುಳ್ಳು ಹೇಳಿ ಶಾಕ್ ಹೊಡೆಸಿದ ಟೆಸ್ಟರ್, ಕೆಲಸದ ನಟ್ಟನಡುವೆ ಮುರಿದ ಸ್ಕ್ರೂಡ್ರೈವರ್. ಕೈಕೊಟ್ಟ ಹತಾರವನ್ನು ಅವರು ಎಸೆಯುತ್ತಲೂ ಇರಲಿಲ್ಲ, ರಿಪೇರಿ ಮಾಡುತ್ತಲೂ ಇರಲಿಲ್ಲ. ಮೊಳೆ ಹೊಡೆದು ತೂಗುಹಾಕುತ್ತಿದ್ದರು. “ಇರಲಿ ಅಲ್ಲೇ. ಅದನ್ನ ನೋಡಿ ಉಳದ ಹತಾರಕ್ಕ ಬುದ್ಧಿ ಬರತೈತಿ” ಅನ್ನುತ್ತಿದ್ದರು. ಆ ಗೋಡೆಯಲ್ಲಿ ನನ್ನದೂ ಒಂದು ಚಾವಿ ಇದೆ.

ಅವರು ಶಿರಗುಪ್ಪಿ ಕಡೆಯವರು. ಸಕ್ಕರೆ ಕಾರ್ಖಾನೆಯಲ್ಲಿ ವಾಯರ್‌ಮನ್ ಆಗಿದ್ದವರು ಅದನ್ನು ಬಿಟ್ಟು ಚಿಕ್ಕೋಡಿಯಲ್ಲಿ, ನಾನು ಪಾಠ ಮಾಡುವ ಕಾಲೇಜಿನ ಎದುರಿಗೆ, ಗಾಡಿಗಳ ವಾಯರಿಂಗ್ ಅಂಗಡಿ ಹಾಕಿದ್ದರು. ಕಾರಿನೊಳಗೆ ಕಂಪ್ಯೂಟರ್ ಬಂದ ಹೊಸತರಲ್ಲಿ ಉಳಿದ ಮಿಸ್ತ್ರಿಗಳು ಕೈಚೆಲ್ಲಿದರೆ, ಇವರು ಕೊಲ್ಹಾಪುರದಿಂದ ಗಾಡಿಯ ದೋಷ ಓದುವ ಹಳೆಯ ಸ್ಕ್ಯಾನರ್ ತಂದು ಆರು ತಿಂಗಳು ಅದರ ಜೊತೆ ಜಗಳಾಡಿ ಕಲಿತರು. ಅಥಣಿಯ ದ್ರಾಕ್ಷಿ ತೋಟದವರೂ ಗಾಡಿ ತಂದು ಇವರ ಬಾಗಿಲಲ್ಲಿ ಕಾಯುತ್ತಿದ್ದರು.

ಮನುಷ್ಯರ ಮೇಲೂ ಅದೇ ಕಾನೂನು. ಮುಗಳಖೋಡದ ಟ್ರ್ಯಾಕ್ಟರ್ ಮಾಲೀಕನೊಬ್ಬ ಒಮ್ಮೆ ಇವರಿಗೆ “ಏ ಲೇ” ಎಂದಿದ್ದ. ಐದು ವರ್ಷದ ಮೇಲೆ, ಕಬ್ಬಿನ ಹಂಗಾಮಿನಲ್ಲಿ, ತುಂಬಿದ ಟ್ರೇಲರ್ ಸಮೇತ ಅವನ ಟ್ರ್ಯಾಕ್ಟರ್ ನಡುರಸ್ತೆಯಲ್ಲಿ ನಿಂತಿತು. ಮಿಸ್ತ್ರಿ ಹೋದರು. ಹೋಗಿ ಬದುವಿನ ಮೇಲೆ ಕೂತು ತಂಬಾಕು ತಿಕ್ಕುತ್ತ ಟ್ರ್ಯಾಕ್ಟರನ್ನು ನೋಡಿದರು. ಮುಕ್ಕಾಲು ತಾಸಿನ ಮೇಲೆ ಮಾಲೀಕ “ಅಣ್ಣಾರ, ಕೈ ಮುಗೀತೀನ್ರಿ” ಅಂದ. ಎದ್ದು ಹೋಗಿ ಸಡಿಲಾಗಿದ್ದ ಒಂದು ವಾಯರ್ ಒತ್ತಿದರು, ಗಾಡಿ ಚಾಲೂ ಆಯಿತು. ಅವರ ಅಂಗಡಿಯಲ್ಲಿ ಬುದ್ಧನ ಪುಟ್ಟ ಮೂರ್ತಿಯೊಂದಿತ್ತು, ಅದನ್ನು ತೋರಿಸಿ ನಾನು ಛೇಡಿಸಿದೆ. “ಬುದ್ಧ ಕ್ಷಮಾ ಮಾಡಂದಾನ, ಖರೆ ಐತ್ರಿ ಸರ್. ಆದ್ರ ಅಂವಗ ಗಾಡಿ ರಿಪೇರಿ ಮಾಡೂ ಧಂದೆ ಇರಲಿಲ್ಲಲ್ರಿ” ಎಂದರು.

ಇಂಥವರ ತಂಟೆಗೆ ಹೋದವನು ನಾನು. ಸಾಲ ಮಾಡಿ ಕೊಂಡಿದ್ದ ನನ್ನ ಕಾರು ಒಂದು ಮಧ್ಯಾಹ್ನ ನಿಪ್ಪಾಣಿಯ ಸಂತೆಯಲ್ಲಿ ಮಾಯವಾಯಿತು. ಗಾಜು ಒಡೆದಿಲ್ಲ, ಎರಡೂ ಚಾವಿ ನನ್ನ ಹತ್ತಿರವೇ ಇವೆ. ಅದೇ ತಿಂಗಳು ಇನ್ನಿಬ್ಬರ ಗಾಡಿಯೂ ಹಾಗೇ ಹೋಗಿತ್ತು. “ಯಾರ ಮ್ಯಾಲರ ಸಂಶೇ ಐತೇನು?” ಎಂದು ಠಾಣೆಯಲ್ಲಿ ಕೇಳಿದರು. ಹದಿನೈದು ದಿನದ ಹಿಂದೆ ಕಾರು ಮಿಸ್ತ್ರಿಯವರ ಹತ್ತಿರ ಇತ್ತು, ಗಾಡಿಯ ಕಂಪ್ಯೂಟರ್ ಗೊತ್ತಿರುವವರು ಅವರೊಬ್ಬರೇ. ಹೆಸರು ಹೇಳಿದೆ. ಅವರ ಜಾತಿ, ಅವರ ಓಣಿ ಬೇರೆಯದಾಗಿದ್ದರೆ ಅಷ್ಟು ಸಲೀಸಾಗಿ ಹೇಳುತ್ತಿದ್ದೆನೇ? ಇಲ್ಲ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಎರಡು ದಿನ ಅವರನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿದರು. ಏನೂ ಸಿಗದೆ ಬಿಟ್ಟರು. ಅಂಗಡಿಯ ಮುಂದೆ ಒಂದು ಗಾಡಿಯೂ ನಿಲ್ಲದಂತಾಯಿತು.

ಮಿಸ್ತ್ರಿ ಯಾರಿಗೂ ಬಯ್ಯಲಿಲ್ಲ. ಗಾಡಿ ಕಳೆದುಕೊಂಡ ಮೂವರ ಮನೆಗೂ ಹೋದರು, ನನ್ನ ಮನೆಗೂ ಬಂದರು. ಹೊಸ್ತಿಲು ದಾಟಲಿಲ್ಲ. ಕೇಳಿದ್ದು ಒಂದೇ ಮಾತು: “ಗಾಡಿ ಎಲ್ಲಿ ತೊಳಸಿದ್ರಿ?” ಮೂವರೂ ಒಂದೇ ಕಡೆ ತೊಳೆಸಿದ್ದೆವು. ನಮ್ಮ ಕಡೆಯ ರೂಢಿ ಗೊತ್ತಲ್ಲ, ತೊಳೆಯುವವನ ಕೈಗೆ ಚಾವಿ ಕೊಟ್ಟು ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕೂರುವುದು.

ಮರುವಾರ ಅವರು ಒಂದು ಗಾಡಿಯನ್ನು ಅಲ್ಲೇ ತೊಳೆಯಲು ಬಿಟ್ಟು ನನ್ನನ್ನೂ ಕರೆಸಿ ಹೋಟೆಲಿನಲ್ಲಿ ಕೂರಿಸಿದರು. ಅರ್ಧ ಕಪ್ ಮುಗಿದಿರಲಿಲ್ಲ, ಆ ಗಾಡಿಯ ಹಾರನ್ ಹೊಡೆಯತೊಡಗಿತು. ನಿಲ್ಲಲೇ ಇಲ್ಲ. ಸ್ಟೇರಿಂಗ್ ಕೆಳಗೆ ಸ್ಕ್ಯಾನರ್ ಚುಚ್ಚುವ ಸಾಕೆಟ್ ಇರುತ್ತದಲ್ಲ, ಮಿಸ್ತ್ರಿ ಅಸಲಿಯನ್ನು ಬೇರೆಲ್ಲೋ ಬಚ್ಚಿಟ್ಟು ಆ ಜಾಗದಲ್ಲಿ ನಕಲಿ ಕೂರಿಸಿ ಅದನ್ನು ಹಾರನ್ನಿಗೆ ಜೋಡಿಸಿದ್ದರು. ತೊಳೆಯುವ ಅಂಗಡಿಯವನು ಮುಂದೆ ಗಾಜು ಒಡೆಯದೆ ಕದಿಯಲೆಂದು ಕಳ್ಳ ಚಾವಿಯೊಂದನ್ನು ಗಾಡಿಯ ಕಂಪ್ಯೂಟರಿಗೆ ಪರಿಚಯ ಮಾಡಿಸಲು ತನ್ನ ಯಂತ್ರ ಚುಚ್ಚಿ ಸಿಕ್ಕಿಬಿದ್ದಿದ್ದ. ಮಂದಿ ಸೇರಿದರು. ಯಾರೋ ಬ್ಯಾಟರಿ ತಂತಿ ಕೀಳಲು ಹೋದರೆ ಮಿಸ್ತ್ರಿ ತಡೆದರು. “ಹಾರನ್ ಬಂದ್ ಮಾಡಬ್ಯಾಡ್ರಿ. ನಾ ಎರಡ ದಿನ ಸುಮ್ಮನ ಕೂತೇನಿ. ಪೊಲೀಸರು ಬರೋತನಕ ಅದು ಒದರಲಿ.”

ಆ ಗದ್ದಲದಲ್ಲೇ ನನ್ನ ಕಡೆ ತಿರುಗಿದರು. “ಗಾಡಿ ಒಳಗ ಎಂಜಿನ್, ಬ್ರೇಕ್, ಲಾಕ್ ಎಲ್ಲಾ ಎರಡ ವಾಯರ್ ಮ್ಯಾಲ ಮಾತಾಡತಾವ್ರಿ. ಆ ವಾಯರ್ ಮ್ಯಾಲ ಯಾರ ಬಂದು ಮಾತಾಡಿದ್ರೂ ಮನಿ ಮಂದಿ ಅಂತ ನಂಬತಾವ. ಭೋಳೆ ಅದಾವ. ಗಾಡಿ ಕಳ್ಳನ್ನೂ ನಂಬತೈತಿ, ಸರ್. ನೀವು ಹತ್ತು ವರ್ಷದ ಪರಿಚಯದಾಂವನ ನಂಬಲಿಲ್ಲ.”

ಕಾರು ಸಿಗಲಿಲ್ಲ, ಬಿಚ್ಚಿ ಮಾರಿಬಿಟ್ಟಿದ್ದರು. ಅಂಗಡಿಗೆ ಹೋಗಿ ಕ್ಷಮೆ ಕೇಳಿದೆ. “ಕ್ಷಮಾ ಬ್ಯಾಡ್ರಿ. ಆ ಗಾಡಿ ಚಾವಿ ಅದಾವಲ್ಲ, ಒಂದು ಕೊಡ್ರಿ” ಎಂದರು. ಕೊಟ್ಟೆ. ಮೊಳೆ ಹೊಡೆದು ಪಕ್ಕಡದ ಪಕ್ಕದಲ್ಲೇ ತೂಗುಹಾಕಿದರು. ಯಾವಾಗ ಇಳಿಸುತ್ತೀರಿ ಎಂದು ಕೇಳಿದೆ. “ಪಕ್ಕಡಕ್ಕ ಹನ್ನೊಂದು ವರ್ಷ ಆತ್ರಿ. ಇನ್ನೂ ಇಳಿಸಿಲ್ಲ.”

ಮುಂದೆ ಹೊಸ ಕಾರು ಕೊಂಡಾಗ ಅವರೇ ಕರೆದರು. ನನ್ನನ್ನು ಹೊರಗೆ ನಿಲ್ಲಿಸಿ, ಬಾಗಿಲು ಹಾಕಿಕೊಂಡು ನಕಲಿ ಸಾಕೆಟ್ ಕೂರಿಸಿದರು. ಕೂಲಿ ಮುಟ್ಟಲಿಲ್ಲ. ಅಸಲಿ ಎಲ್ಲಿದೆ ಎಂದರೆ ಹೇಳಲೂ ಇಲ್ಲ. “ಗೊತ್ತಿರಾಂವ ನಾ ಒಬ್ಬನ. ಇನ್ನ ಗಾಡಿ ಕಳುವಾದ್ರ ನನ್ನ ಹೆಸರ ಹೇಳ್ರಿ, ಈ ಸಲ ಖರೇನ ಆಗತೈತಿ.”

ಅಂದಿನಿಂದ ಡ್ಯಾಶ್‌ಬೋರ್ಡಿನಲ್ಲಿ ಯಾವ ದೀಪ ಹತ್ತಿದರೂ, ಸ್ಕ್ಯಾನರ್ ಚುಚ್ಚಿ ನೋಡಲು ಅವರ ಬಾಗಿಲಿಗೇ ಹೋಗಬೇಕಿತ್ತು. ನಾನು ಹೊರಗೆ ನಿಲ್ಲಬೇಕಿತ್ತು, ಅವರು ಚಹಾ ತರಿಸಿ ಕೊಡುತ್ತಿದ್ದರು, ಮಾತಾಡುತ್ತಿದ್ದರು, ನಗಿಸುತ್ತಿದ್ದರು. ಹೊರಡುವಾಗ ಒಮ್ಮೆ ಗೋಡೆಯ ಕಡೆ ನೋಡುತ್ತಿದ್ದರು, ನಾನೂ ನೋಡಬೇಕಿತ್ತು. ಇಷ್ಟು ಪ್ರೀತಿಯಿಂದ ಸೇಡು ತೀರಿಸಿಕೊಂಡವರನ್ನು ನಾನು ಕಂಡಿಲ್ಲ. ಒಮ್ಮೊಮ್ಮೆ ಏನೂ ಕೆಡದಿದ್ದರೂ ಹೋಗುತ್ತಿದ್ದೆ.

ಕಳೆದ ವರ್ಷ ಎದೆನೋವು ಬಂದು ಅವರು ಹೋದರು. ಮೂರು ತಿಂಗಳಿಗೆ ಕಾರಿನಲ್ಲಿ ಹಳದಿ ದೀಪ ಹತ್ತಿತು. ಶೋರೂಮಿನವರು ಸಾಕೆಟ್ಟಿಗೆ ಯಂತ್ರ ಚುಚ್ಚಿ ಹಾರನ್ ಸದ್ದಿಗೆ ಬೆಚ್ಚಿ, ಡ್ಯಾಶ್‌ಬೋರ್ಡ್ ಪೂರಾ ಬಿಚ್ಚಿದರೆ ಅಸಲಿ ಸಿಗುತ್ತದೆ ಎಂದರು. ಬೇಡವೆಂದು ಗಾಡಿ ತಿರುಗಿಸಿಕೊಂಡು, ಹುಚ್ಚನ ಹಾಗೆ, ನೇರ ಅಂಗಡಿಗೆ ಹೋದೆ.

ಅವರ ಹೆಂಡತಿ ಸುಮನಬಾಯಿ ಅಂಗಡಿ ಖಾಲಿ ಮಾಡುತ್ತಿದ್ದರು. ಪಕ್ಕಡ, ಟೆಸ್ಟರ್, ಸ್ಕ್ರೂಡ್ರೈವರ್ ಎಲ್ಲ ಇಳಿದು ಚೀಲ ಸೇರಿದ್ದವು. ಗೋಡೆಯಲ್ಲಿ ಉಳಿದಿದ್ದು ನನ್ನ ಚಾವಿ ಒಂದೇ. ಅಸಲಿ ಸಾಕೆಟ್ ಎಲ್ಲಿದೆಯೆಂದು ಏನಾದರೂ ಹೇಳಿದ್ದರೇ ಎಂದು ಕೇಳಿದೆ.

“ಇಲ್ರಿ ಸರ್, ಏನೂ ಹೇಳಿಲ್ಲ. ಈ ಚಾವಿ ಅಷ್ಟ, ನೀವು ಬರೋತನಕ ತಗೀಬ್ಯಾಡ ಅಂದಿದ್ರು.” ಅವರು ಸ್ಟೂಲ್ ಎಳೆದುಕೊಂಡು ಹತ್ತಲು ಹೋದರು. “ಈಗ ಬಂದೀರಲ್ಲ, ತಗದು ಕೊಡ್ತೀನಿ ತಡೀರಿ.”

“ಬ್ಯಾಡ್ರಿ ವೈನಿ,” ಅಂದೆ, “ಇನ್ನೂ ಹನ್ನೊಂದು ವರ್ಷ ಆಗಿಲ್ಲ.”