ರಾಕೆಟ್ ಮಾತ್ರ ಕಾಣಬಾರದು

ನಮ್ಮ ಮನೆ ಬಾಗಿಲಾಚೆಯ ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಡೀ ದಿನ ಒಂದು ಡಬ್ಬ ಕೂತಿತ್ತು. ಒಳಗೆ ತರಲು ನಾನು ಬಿಡಲಿಲ್ಲ. ಕೊರೋನಾ ಭಯಕ್ಕಲ್ಲ. (ಸ್ಯಾನಿಟೈಸರ್ ಹೊಡೆದಾಗಿತ್ತು.) ಅದರೊಳಗೆ ಇದ್ದದ್ದು ಕೋಳಿಯ ರಸ.

ಹೌದು, ಚಿಕನ್ ಎಸೆನ್ಸ್. ಕೋಳಿಯನ್ನು ಗಂಟೆಗಟ್ಟಲೆ ಕುದಿಸಿ, ಸೋಸಿ, ಪುಟ್ಟ ಬಾಟಲಿಗೆ ತುಂಬಿದ ಕಂದು ನೀರು. ನಾವಿರುವ ಮಲೇಷ್ಯಾದಲ್ಲಿ ಪರೀಕ್ಷೆ ಹತ್ತಿರ ಬಂತೆಂದರೆ ತಾಯಂದಿರು ಮಕ್ಕಳಿಗೆ ಇದನ್ನು ಕುಡಿಸುತ್ತಾರೆ, ನಾವು ಬ್ರಾಹ್ಮಿ ಲೇಹ್ಯ ನೆಕ್ಕಿಸಿದ ಹಾಗೆ. ಅವರವರ ಊಟ ಅವರವರಿಗೆ, ನನ್ನದೇನೂ ತಕರಾರಿಲ್ಲ. ಆದರೆ ಪುಚೊಂಗ್‌ನ ಈ ಕಾಂಡೋ ಫ್ಲ್ಯಾಟಿನಲ್ಲಿ ಬೇರೆ ದೇವರಮನೆ ಇಲ್ಲ. ಅಡುಗೆಮನೆಯ ಮೂಲೆಯಲ್ಲೇ ನಮ್ಮ ಕೃಷ್ಣನ ಮಂಟಪ. ಅವನ ಕಣ್ಣೆದುರಿಗೆ ಕೋಳಿ ತಂದಿಡಲೇ?

ಡಬ್ಬ ಬಂದದ್ದು ಮಗಳು ಸಿರಿಯ ಹೆಸರಿಗೆ. ಅವಳು ನಿಲಾಯ್‌ನ ಒಂದು ಕಾಲೇಜಿನಲ್ಲಿ ಓದುತ್ತಾಳೆ, ಸ್ಯೂ ಲಿಂಗ್ ಎಂಬ ಗೆಳತಿಯ ಜೊತೆ ಕಾಲೇಜಿಗಾಗಿ ಬ್ಯಾಡ್ಮಿಂಟನ್ ಡಬಲ್ಸ್ ಆಡುತ್ತಾಳೆ. ಎಂಸಿಓ (ಲಾಕ್‌ಡೌನಿಗೆ ಇಲ್ಲಿನ ಸರ್ಕಾರ ಇಟ್ಟ ಹೆಸರು) ಬಂದು ಹಾಸ್ಟೆಲ್ ಮುಚ್ಚಿದ ಮೇಲೆ ಮನೆಯಲ್ಲೇ ಇದ್ದಳು. ಸೋಫಾಗೂ ಊಟದ ಕುರ್ಚಿಗೂ ನನ್ನ ಹಳೇ ಸೀರೆ ಕಟ್ಟಿ ನೆಟ್ ಮಾಡಿಕೊಂಡಿದ್ದಳು. ಎದುರಾಳಿ ಯಾರು? ನಾನೇ. ಒಮ್ಮೆ ಶಟಲ್ ಹಾರಿ ಸಾರಿನ ಪಾತ್ರೆಗೇ ಬಿತ್ತು. ಪುಣ್ಯಕ್ಕೆ ಇನ್ನೂ ಒಗ್ಗರಣೆ ಹಾಕಿರಲಿಲ್ಲ. ದೇವರು ಇಂಥ ಸಣ್ಣಪುಟ್ಟದರಲ್ಲೇ ಕಾಯುವುದು.

ಆಡುವ ಹುಡುಗಿಗೆ ಕೋಳಿ ರಸ ಏಕೆ ಬಂತು ಎನ್ನುತ್ತೀರಾ? ಹೇಳುತ್ತೇನೆ.

ಮೊದಲೆಲ್ಲ ಅಕ್ಕಪಕ್ಕದ ಊರುಗಳ ಕಾಲೇಜುಗಳೇ ಸೇರಿ ಒಂದು ಲೀಗ್ ನಡೆಸುತ್ತಿದ್ದವು. ನಿಲಾಯ್, ಸೆರೆಂಬಾನ್, ಕಾಜಾಂಗ್, ಹೀಗೆ. ಕೋಚ್ ರೊಹಾನಾ ಬೆಳಿಗ್ಗೆ ಹುಡುಗಿಯರನ್ನು ವ್ಯಾನಿಗೆ ಹತ್ತಿಸಿಕೊಂಡು ಹೋಗಿ ಸಂಜೆ ವಾಪಸ್ ಕರೆತರುತ್ತಿದ್ದರು. ಎದುರು ಕಾಲೇಜಿನ ಗಣಿತದ ಮೇಷ್ಟ್ರೇ ಅಂಪೈರ್. ನಾನು ಪುಳಿಯೋಗರೆ ಕಟ್ಟಿ ಕಳಿಸಿದರೆ ಗೆದ್ದವರೂ ಸೋತವರೂ ಒಟ್ಟಿಗೆ ಕೂತು ಖಾಲಿ ಮಾಡುತ್ತಿದ್ದರು. ಆ ಲೀಗಿನಲ್ಲಿ ಏನೋ ಕೊರತೆ ಇದೆ ಎಂದು ನಮಗ್ಯಾರಿಗೂ ಅನ್ನಿಸಿರಲಿಲ್ಲ.

ಕೌಲಾಲಂಪುರದ ಒಂದು ಇನ್‌ವೆಸ್ಟ್‌ಮೆಂಟ್ ಕಂಪನಿಗೆ ಅನ್ನಿಸಿತು. ಸರಿಯಾಗಿ ಆಟವೆಲ್ಲ ನಿಂತುಹೋದ ಕಾಲದಲ್ಲಿ ಬಂದು ಅದು ಲೀಗಿನಲ್ಲಿ ಪಾಲು ತೆಗೆದುಕೊಂಡಿತು. ಹೊಸ ಲೋಗೋ ಬಂತು. ಹೊಸ ಜೆರ್ಸಿ ಬಂತು. (ಅದರ ಮೇಲೆ ಅಷ್ಟೊಂದು ಕಂಪನಿಗಳ ಹೆಸರು, ಕಾಲೇಜಿನ ಹೆಸರನ್ನು ತೋಳಿನ ಹತ್ತಿರ ಹುಡುಕಬೇಕು.) ಸೆರೆಂಬಾನ್ ಕಾಲೇಜನ್ನು ಕೈಬಿಟ್ಟರು. ಅವರಿಗೆ ಫಾಲೋವರ್ಸ್ ಕಡಿಮೆಯಂತೆ. ಪಕ್ಕದೂರಿನ ಬದಲು ದೂರದ ಪಿನಾಂಗ್‌ನವರನ್ನು ನಮ್ಮ ಗುಂಪಿಗೆ ಸೇರಿಸಿದರು. ಅಲ್ಲಿ ಮಾರ್ಕೆಟ್ ಇದೆಯಂತೆ. ದುಡ್ಡಿದ್ದರೆ ಭೂಗೋಳವನ್ನೂ ತಿದ್ದಬಹುದು ಎಂದು ನನಗೆ ತಿಳಿದದ್ದು ಆಗಲೇ.

ಪಂದ್ಯ? ಅದೊಂದು ಬಿಟ್ಟು ಎಲ್ಲವೂ ಬಂತು.

ಉದ್ಘಾಟನೆ ಜೂಮ್‌ನಲ್ಲಿ ನಡೆಯಿತು. ಪ್ರಾಯೋಜಕರ ಹೆಸರು ಓದಿದರು, ಓದಿದರು, ಓದುತ್ತಲೇ ಇದ್ದರು. ಮುಗಿದ ಮೇಲೆ ಥ್ಯಾಂಕ್ಯೂ ಅಂದರು. ಬ್ರಿಕ್‌ಫೀಲ್ಡ್ಸ್‌ನ ದೇವಸ್ಥಾನದಲ್ಲೂ ಅನ್ನದಾನ ಮಾಡಿಸಿದವರ ಹೆಸರನ್ನು ಮೈಕಿನಲ್ಲಿ ಓದುತ್ತಾರೆ. ಆದರೆ ಹೆಸರು ಓದಿ, ಅನ್ನ ಬಡಿಸದೆ ಎಲೆ ಎತ್ತಿದ್ದನ್ನು ನಾನಂತೂ ಕಂಡಿಲ್ಲ.

ಆಮೇಲೆ ಬಂತು ಅಪ್ಪಣೆ. ಪ್ರತಿಯೊಬ್ಬ ಆಟಗಾರ್ತಿಯೂ ಪ್ರಾಯೋಜಕರ ಸರಕು (ಸಿರಿಯ ಪಾಲಿಗೆ ಬಂದದ್ದು ಆ ಕೋಳಿ ರಸ) ಹಿಡಿದು ಮನೆಯಿಂದ ಒಂದು ವಿಡಿಯೋ ಹಾಕಬೇಕು. ಹಾಕದಿದ್ದರೆ ಟೀಮಿನಿಂದ ಹೆಸರು ತೆಗೆಯುತ್ತಾರೆ. ಸಿರಿಗೆ ಇದು ಕೊನೆಯ ವರ್ಷ. ಈ ಸಲ ತಪ್ಪಿದರೆ ಕಾಲೇಜಿಗಾಗಿ ಆಡುವುದು ಇನ್ನಿಲ್ಲ.

‘ಅಮ್ಮಾ, ಇಟ್ಸ್ ಜಸ್ಟ್ ಎ ಬಾಟಲ್!’ ಅಂದಳು. (ನಾನು ಕನ್ನಡದಲ್ಲಿ ಬೈದರೆ ಅವಳು ಇಂಗ್ಲಿಷಿನಲ್ಲಿ ಅಳುತ್ತಾಳೆ.)

ಪಕ್ಕದ ರೂಮಿನಲ್ಲಿ ಆಫೀಸ್ ಮೀಟಿಂಗಿನಲ್ಲಿದ್ದ ನಮ್ಮವರು ಮ್ಯೂಟ್ ಒತ್ತಿ, ‘ಒಂದು ನಿಮಿಷದ ವಿಡಿಯೋ ಕಣೇ, ಮಾಡಿ ಮುಗಿಸು’ ಅಂದರು. ಮತ್ತೆ ಮೀಟಿಂಗಿಗೆ ಹೋದರು. ಗಂಡಸರ ಧರ್ಮಸೂಕ್ಷ್ಮ ಅಷ್ಟೇ.

ಅಷ್ಟರಲ್ಲಿ ಲೀಗಿನ ಮಾರ್ಕೆಟಿಂಗ್ ಹುಡುಗ ಡ್ಯಾರೆನ್ ವಿಡಿಯೋ ಕಾಲ್ ಮಾಡಿದ. ಅವನ ಇಂಗ್ಲಿಷನ್ನು ನನ್ನ ಕನ್ನಡದಲ್ಲೇ ಬರೆಯುತ್ತೇನೆ, ಇಲ್ಲಿಯವರು ಮಾತಿಗೆ ಬಾಲದಂತೆ ಅಂಟಿಸುವ ‘ಲಾ’ ಒಂದನ್ನು ಬಿಟ್ಟು.

‘ಆಂಟಿ, ಕಿಚನ್ ಸೂಪರ್ ಲಾ! ಹಿಂದುಗಡೆ ಆ ದೀಪ ಉರೀತಾ ಇರ್ಲಿ. ನೀವು ಸೀರೆ ಉಟ್ಕೊಂಡು ಬಂದು, ಪ್ರೀತಿಯಿಂದ ಬಾಟಲಿ ಮಗಳ ಕೈಗೆ ಕೊಡಿ.’

‘ಅಯ್ಯೋ ಡ್ಯಾರೆನ್, ನಾವು ಮೊಟ್ಟೇನೂ ಮುಟ್ಟೋರಲ್ಲಪ್ಪ.’

‘ಕುಡೀಬೇಡಿ ಆಂಟಿ! ಕುಡೀರಿ ಅಂತ ಯಾರು ಹೇಳಿದ್ರು? ನಗಿ, ಸಾಕು. ಜಾಹೀರಾತಲ್ಲಿ ಯಾರೂ ಕುಡಿಯಲ್ಲ.’

‘ಅದಿರ್ಲಿ, ಮ್ಯಾಚ್ ಯಾವಾಗ?’

‘ಮ್ಯಾಚಾ?’ ಅಂದ ಹುಡುಗ. ‘ಅದು ಫೇಸ್ ಟೂ, ಆಂಟಿ. ಎರಡನೇ ಹಂತ.’

ಕುಡಿಯದವರು ಕುಡಿಸಬೇಕು, ಆಡುವವರು ಆಡದೇ ಇರಬೇಕು. ಭೇಷ್!

ಆದರೂ ಒಪ್ಪಿಕೊಂಡೆ. ಮಗಳ ಮುಖ ನೋಡಲಾಗಲಿಲ್ಲ. ಸೀರೆ ಉಟ್ಟೆ. ದೀಪ ಶಾಂತವಾಗುವವರೆಗೆ ಡ್ಯಾರೆನ್‌ನನ್ನು ಕಾಯಿಸಿದೆ. (ಅದನ್ನೂ ವಿಡಿಯೋಗೆ ಕೊಡುವಷ್ಟು ನಾನು ಮುಂದುವರಿದಿಲ್ಲ.) ‘ಒಂದು ಗಳಿಗೆ ಕಣ್ಮುಚ್ಕೋ ತಂದೆ, ಮಗುವಿನ ವಿಷಯ’ ಎಂದು ಕೃಷ್ಣನಿಗೆ ಕೈಮುಗಿದು ಮಂಟಪದ ಪರದೆ ಎಳೆದೆ. ಬಾಟಲಿಯನ್ನು ಟಿಶ್ಯೂ ಕಾಗದದಲ್ಲಿ ಹಿಡಿದು ನಿಂತೆ.

ಸಿರಿ ಜೆರ್ಸಿ ಹಾಕಿಕೊಂಡು ಬಂದಳು. ಕೈಯಲ್ಲಿ ರಾಕೆಟ್.

‘ಸ್ಟಾಪ್, ಸ್ಟಾಪ್!’ ಅಂದ ಡ್ಯಾರೆನ್ ಫೋನಿನೊಳಗಿಂದ. ‘ರಾಕೆಟ್ ಬೇಡ. ಅದರ ಮೇಲೆ ಬೇರೆ ಕಂಪನಿ ಹೆಸರಿದೆ. ಅವರು ನಮ್ಮ ಪಾರ್ಟ್‌ನರ್ ಅಲ್ಲ.’

‘ಟೇಪ್ ಅಂಟಿಸ್ತೀನಿ,’ ಅಂದಳು ಸಿರಿ.

‘ಚೆನ್ನಾಗಿ ಕಾಣಲ್ಲ ಲಾ. ರಾಕೆಟ್ ಕಾಣಲೇಬಾರದು. ಬಾಟಲಿ ಸಾಕು.’

‘ನಾನು ಬ್ಯಾಡ್ಮಿಂಟನ್ ಪ್ಲೇಯರ್, ಡ್ಯಾರೆನ್.’

‘ಈಗ ನೀನು ಬ್ರ್ಯಾಂಡ್ ಅಂಬಾಸಡರ್.’

ಸಿರಿ ನನ್ನನ್ನು ನೋಡಿದಳು. ನಾನು ಬಾಟಲಿಯನ್ನು ನೋಡಿದೆ. ‘ಹಾಗಿದ್ರೆ ಅಮ್ಮನ್ನೇ ಟೀಮಿಗೆ ತಗೊಳ್ಳಿ,’ ಅಂದಳು. ‘ಅವರ ಕೈಯಲ್ಲೂ ರಾಕೆಟ್ ಇಲ್ಲ.’

ಡ್ಯಾರೆನ್ ನಗಲಿಲ್ಲ. ಯೋಚಿಸಿದ. ‘ಆಂಟಿ, ನೀವು ಇನ್‌ಸ್ಟಾಗ್ರಾಮಲ್ಲಿ ಇದ್ದೀರಾ?’

ಸಿರಿ ಫೋನ್ ಕಟ್ ಮಾಡಿದಳು. ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಆಚೆ ಇಟ್ಟು ಬಂದಳು. ಆಮೇಲೆ ಬಾತ್‌ರೂಮಿಗೆ ಹೋಗಿ ತುಂಬಾ ಹೊತ್ತು ನಲ್ಲಿ ಬಿಟ್ಟಿದ್ದಳು. ತಾಯಿಗೆ ನಲ್ಲಿ ಸದ್ದು ಯಾವುದು, ಅಳುವ ಸದ್ದು ಯಾವುದು ಎಂದು ಯಾರೂ ಹೇಳಿಕೊಡಬೇಕಿಲ್ಲ.

ವಾರದೊಳಗೆ ಟೀಮಿನ ಹೊಸ ಪಟ್ಟಿ ಬಂತು. ಸಿರಿ ಇಲ್ಲ. ಅವಳಿಲ್ಲದೆ ಡಬಲ್ಸ್ ಎಲ್ಲಿಯದು ಎಂದು ಸ್ಯೂ ಲಿಂಗ್ ತಾನೂ ಹೆಸರು ವಾಪಸ್ ತೆಗೆದುಕೊಂಡಳು. ಸಿರಿಯ ಜಾಗಕ್ಕೆ ಬಂದವಳು ಮೇಕಪ್ ವಿಡಿಯೋ ಮಾಡುವ ಹುಡುಗಿ, ಅಪಾರ ಫಾಲೋವರ್ಸ್ ಇರುವವಳು. ಅವಳಿಗೆ ಆಡಲು ಬರುತ್ತದೆಯೇ? ಫೇಸ್ ಟೂ ಹೊತ್ತಿಗೆ ಕಲಿಯುತ್ತಾಳಂತೆ. ಆ ಮಗುವನ್ನು ನಾನು ಆಡಿಕೊಳ್ಳುವುದಿಲ್ಲ. ಅವಳಿಗೂ ಒಬ್ಬ ತಾಯಿ ಇರುತ್ತಾಳೆ, ಬಾಟಲಿ ಹಿಡಿದು ನಿಂತಿರುತ್ತಾಳೆ.

ತಿಂಗಳುಗಳು ಕಳೆದವು. ಲಸಿಕೆ ಎರಡು ಡೋಸ್ ಆದವರಿಗೆ ಆಟದ ಹಾಲ್ ತೆರೆದರು, ರಾಜ್ಯ ದಾಟಲೂ ಬಿಟ್ಟರು. ಕೋಚ್ ರೊಹಾನಾ ಫೋನ್ ಮಾಡಿದರು. ‘ಸೆರೆಂಬಾನ್ ಹುಡುಗಿಯರು ಖಾಲಿ ಇದ್ದಾರೆ. ಶನಿವಾರ ಸಿರಿನ ಕಳಿಸ್ತೀರಾ?’

ಕಳಿಸುವುದೇನು, ನಾನೇ ಹೊರಟೆ. ಪ್ರೇಕ್ಷಕರನ್ನು ಒಳಗೆ ಬಿಡಲಿಲ್ಲ. ಮಾಸ್ಕ್ ಹಾಕಿಕೊಂಡು ಗಾಜಿನ ಬಾಗಿಲಿಗೆ ಹಣೆ ಒತ್ತಿ ನಿಂತೆ. ಬ್ಯಾನರ್ ಇಲ್ಲ, ಮ್ಯೂಸಿಕ್ ಇಲ್ಲ. ಶಟಲ್ಲಿನ ಪಟ್ ಪಟ್, ಶೂಗಳ ಕೀಚು. ನಮ್ಮವರು ಸೋತರು. ಅಷ್ಟು ತಿಂಗಳು ಸೀರೆಯ ನೆಟ್ಟಿನಲ್ಲಿ, ನನ್ನಂಥವಳ ಎದುರು ಆಡಿದರೆ ಇನ್ನೇನಾದೀತು? ಸಿರಿ ಬೆವರು ಸುರಿಸುತ್ತಾ ಹೊರಗೆ ಬಂದಳು. ‘ಅಮ್ಮಾ, ತುಂಬಾ ಹಸಿವು’ ಅಂದಳು, ಕನ್ನಡದಲ್ಲಿ. ಅವಳ ಸ್ವರದಲ್ಲಿ ಅಂಥ ಸಂತೋಷ ಕೇಳಿ ಎಷ್ಟೋ ಕಾಲವಾಗಿತ್ತು. ಕೃಷ್ಣಾ, ಇಷ್ಟು ಸಾಕಪ್ಪ ಅಂದುಕೊಂಡೆ.

ಗಾಜಿನಾಚೆಯಿಂದ ತೆಗೆದ ಒಂದು ತುಣುಕನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಸಂಜೆಯೇ ಡ್ಯಾರೆನ್ ಫೋನ್.

‘ಆಂಟಿ, ನೈಸ್ ಕ್ಲಿಪ್! ಇದ್ಯಾವ ಲೀಗ್? ಯಾರು ಸ್ಪಾನ್ಸರ್?’

‘ಯಾರೂ ಇಲ್ಲಪ್ಪ.’

ಹುಡುಗ ಮೆಲ್ಲಗೆ ಕೇಳಿದ: ‘ಮತ್ತೆ... ಆಡಿದ್ದು ಹೇಗೆ?’

ತಮಾಷೆಗಲ್ಲ, ಪಾಪ, ಗೊತ್ತಿಲ್ಲದೇ ಕೇಳಿದ.