ತುತ್ತು ಎತ್ತದ ಊಟ

ನಮ್ಮ ಗಿರಿಜಾಳ ಕಾದಂಬರಿ ಅಚ್ಚಾಗಿ ಬಂತು! ಗಿರಿಜಾ ಎಂದರೆ ನನ್ನ ಮೊಮ್ಮಗಳು. ಬೆಳಿಗ್ಗೆಯಿಂದ ಬಳ್ಳಾರಿಯ ಅರ್ಧ ಪೇಟೆಗೆ ಹೇಳಿ ಬಂದಿದ್ದೇನೆ. ತರಕಾರಿಯವಳಿಗೆ ಎರಡು ಸಲ ಹೇಳಿದೆನಂತೆ. ಈಗ ಕಾಲು ಸೋತಿವೆ, ಗಂಟಲು ಕಟ್ಟಿದೆ. ಸಂತೋಷ ಹೊರುವುದಕ್ಕೂ ಮೈಯಲ್ಲಿ ಕಸುವು ಬೇಕು ನೋಡಿ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಪುಸ್ತಕವನ್ನು ಓದಿದ್ದಕ್ಕಿಂತ ಮೂಸಿದ್ದೇ ಹೆಚ್ಚು.

ಕಥೆ ನಮ್ಮ ಜೈಲಿನದೇ. ಸ್ವಾತಂತ್ರ್ಯ ಚಳವಳಿಯ ವರ್ಷ ಘೋಷಣೆ ಕೂಗಿದ್ದಕ್ಕೆ ನನ್ನನ್ನು, ಸಿರುಗುಪ್ಪದ ಹನುಮಂತಪ್ಪನನ್ನು, ಕುರುಗೋಡಿನ ಬಸಣ್ಣನನ್ನು ಒಂದೇ ಕೋಣೆಗೆ ಹಾಕಿದ್ದರು. ಹಗಲೆಲ್ಲ ದೇಶದ ವಿಚಾರ ಮಾತಾಡುತ್ತಿದ್ದರು ಎಂದು ನೀವು ತಿಳಿದಿರಬಹುದು. ಮೊದಮೊದಲು ಮಾತಾಡಿದೆವು. ಆಮೇಲೆ ಬರೀ ಊಟದ ವಿಚಾರ. ನೀರುಗಂಜಿ ಬರುವ ಮುಂಚೆ ದಿನಕ್ಕೊಬ್ಬ ಬಾಯಲ್ಲೇ ಅಡಿಗೆ ಮಾಡಬೇಕು, ಹೊಲದಿಂದ ಬದನೆಕಾಯಿ ಕಿತ್ತು ತರುವಲ್ಲಿಂದ ಶುರು. ಒಮ್ಮೆ ಬಸಣ್ಣ ಬದನೆಗೆ ಮಸಾಲೆ ತುಂಬಿ ಎಣಗಾಯಿಗೆ ಮುಚ್ಚಳ ಮುಚ್ಚುತ್ತಿದ್ದಂತೆ ಹನುಮಂತಪ್ಪ ಚೀರಿದ:

"ಲೇ, ಉಪ್ಪು ಎಲ್ಲಿ ಹಾಕೀದಿ?"

"ಹೌದಲ್ಲೋ ಮಾರಾಯ!" ಎಂದು ಬಸಣ್ಣ ಗಾಬರಿಯಿಂದ ಮುಚ್ಚಳ ತೆಗೆದ. ಬೆರಳು ಸುಟ್ಟಿತೆಂದು ಊದಿಕೊಂಡ ಕೂಡ.

ಈ ಅಡಿಗೆಗೆ ಹನುಮಂತಪ್ಪನದೊಂದು ಕಟ್ಟಪ್ಪಣೆಯಿತ್ತು. ಕಥೆಯಲ್ಲಿ ಎಲೆ ಹಾಕಬಹುದು, ಬಡಿಸಬಹುದು, ತುಪ್ಪ ಸುರಿಯಬಹುದು. ಯಾರೂ ತುತ್ತು ಎತ್ತುವಂತಿಲ್ಲ. ಉಂಡರೆ ಕಥೆ ಮುಗಿಯುತ್ತದೆ, ಆಗ ಹೊಟ್ಟೆಗೆ ನಿಜ ಗೊತ್ತಾಗುತ್ತದೆ. ಹೀಗೆ ನಾವು ಎಷ್ಟೋ ಹಬ್ಬಗಳನ್ನು ಬಡಿಸಿಟ್ಟು ಎದ್ದವರು. ಬಸಣ್ಣ ಅಲ್ಲೇ ಜ್ವರದಲ್ಲಿ ತೀರಿಕೊಂಡ. ಆ ದಿನ ಯಾರೂ ಒಲೆ ಹಚ್ಚಲಿಲ್ಲ.

ಈಗ ಗಿರಿಜಾ ಮಾಡಿದ್ದು ನೋಡಿ: ಕಡೆಯ ಪುಟದಲ್ಲಿ ಮೂವರನ್ನೂ ಉಣ್ಣಿಸಿಬಿಟ್ಟಿದ್ದಾಳೆ! ಅವಳು ಅದನ್ನು ಓದಿ ಹೇಳುತ್ತಿದ್ದಂತೆ ನಾನು ಕೈ ಅಡ್ಡ ಹಿಡಿದೆ.

"ಯವ್ವಾ, ಹಂಗ ಉಣ್ಣಾಂಗಿದ್ದಿಲ್ಲ," ಎಂದೆ.

ಅವಳ ಮುಖ ಬಾಡಿತು. "ಹನುಮಂತಜ್ಜ ಸುಳ್ಳು ಅಂದ್ರ ನಾ ಇನ್ನ ಪೆನ್ನು ಮುಟ್ಟಂಗಿಲ್ಲ," ಎಂದಳು. ಅವಳದು ಅವಳ ಅಜ್ಜಿಯ ಹಟ, ಹೇಳಿದ್ದನ್ನು ಮಾಡುವವಳು.

ಪುಸ್ತಕದ ಖುಷಿಗೆ ಊಟಕ್ಕೆ ಕರೆದಿದ್ದೆ, ಮಧ್ಯಾಹ್ನದ ಬಸ್ಸಿಗೆ ಹನುಮಂತಪ್ಪ ಬಂದ. ಬೆನ್ನು ಬಾಗಿದೆ, ಬಾಯಿ ಬಾಗಿಲ್ಲ. "ಏನಲೇ, ಇನ್ನಾ ಅದೀಯಾ?" ಎನ್ನುತ್ತಲೇ ಕೂತ. ಗಿರಿಜಾ ಆ ಪುಟ ಓದಿದಳು. ಓದಿ ಮುಗಿದ ಮೇಲೆ ಅವನು ಹೆಗಲ ಟವೆಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ನಾನು ಜಂತೆ ನೋಡಿದೆ.

"ಬಸಣ್ಣ ಎಣಗಾಯಿ ಉಂಡನಾ?" ಎಂದ ಅವನು.

"ಉಂಡ, ಅಜ್ಜಾ."

"ಹೊಟ್ಟಿ ತುಂಬ?"

"ಹೂಂ."

ಹನುಮಂತಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. "ಹಂಗಾರ ಅದ ಖರೇ. ನೀ ಬರಿಯವಾ."

ಸಂಜೆ, ಗಂಡಸರು ಮೊದಲು, ಹೆಂಗಸರು ಆಮೇಲೆ ಎಂಬುದು ಇವತ್ತೊಂದು ದಿನ ಬೇಡವೆಂದು ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿದೆ. ರೊಟ್ಟಿ, ಎಣಗಾಯಿ, ಅನ್ನ, ತುಪ್ಪ ಎಲ್ಲ ಎಲೆಗೆ ಬಿತ್ತು. ನನ್ನ ಕೈ ಮಾತ್ರ ತೊಡೆಯ ಮೇಲೇ ಉಳಿಯಿತು, ಹಳೆಯ ಅಭ್ಯಾಸ. ಹನುಮಂತಪ್ಪ ಮೊಣಕೈಯಿಂದ ತಿವಿದ.

"ಲೇ, ಇದು ಕಥಿ ಅಲ್ಲ. ಉಣ್ಣು."

ಉಂಡೆವು. ಎಣಗಾಯಿಗೆ ಉಪ್ಪು ಕಡಿಮೆಯಾಗಿತ್ತು. ಯಾರೂ ಹೇಳಲಿಲ್ಲ, ಎಲ್ಲರ ಬಾಯೂ ತುಂಬಿತ್ತು.