ಮಂಗ್ಯಾ ಅಲ್ಲ, ಮೀರ್‌ಕ್ಯಾಟ್

ಮನೆಗೆ ಯಾರೇ ಬರಲಿ, ಅಪ್ಪ ಹೇಳುವ ಕಥೆ ಒಂದೇ: "ನಮ್ಮ ಹುಡುಗಿ ಔರಂಗಾಬಾದ್‌ನಾಗ ಮಂಗ್ಯಾನ ಮ್ಯಾಲೆ ಭಾಷಣ ಮಾಡಿ ಕಪ್ ತಂದಾಳ್ರಿ." ಇದರಲ್ಲಿ ಸರಿಯಿದ್ದದ್ದು ಊರಿನ ಹೆಸರೊಂದೇ, ಈಗ ಅದೂ ಸಂಭಾಜಿನಗರವಾಗಿದೆ. ಅದು ಭಾಷಣವಲ್ಲ, ಚರ್ಚಾಸ್ಪರ್ಧೆ. ಮಂಗವಲ್ಲ, ಮೀರ್‌ಕ್ಯಾಟ್ ಎಂಬ ಆಫ್ರಿಕಾದ ಪುಟ್ಟ ಪ್ರಾಣಿ. ಕಪ್ ತಂದವಳು ನಾನೊಬ್ಬಳೇ ಎಂಬುದಕ್ಕೂ ನನ್ನ ತಕರಾರಿದೆ.

ಆಗ ನಾನು ಒಂಬತ್ತನೇ ತರಗತಿ. ಅಪ್ಪನಿಗೆ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಕೆಲಸ, ನಮ್ಮ ಮನೆ ನಾಶಿಕದಲ್ಲಿ. "ಮನುಷ್ಯರಿಗಿಂತ ಪ್ರಾಣಿಗಳೇ ನಿಸ್ವಾರ್ಥಿಗಳು" ಎಂಬ ವಿಷಯಕ್ಕೆ ನಾನು ವಿರೋಧದ ಪಕ್ಷ. ಹಿಂದಿನ ವರ್ಷ ಮೊದಲ ಸುತ್ತಿನಲ್ಲೇ ಸೋತಿದ್ದೆ. ಮತ್ತೆ ಸೋತರೆ ಶಾಲೆಯ ತಂಡದಲ್ಲಿ ಜಾಗವಿಲ್ಲ ಎಂದು ಟೀಚರ್ ಹೇಳಿಯಾಗಿತ್ತು.

ಟಿವಿಯಲ್ಲಿ ಮೀರ್‌ಕ್ಯಾಟ್‌ಗಳ ಹಿಂದಿ ಕಾರ್ಯಕ್ರಮ ಬರುವ ಹೊತ್ತಿಗೇ ನನ್ನ ಟ್ಯೂಷನ್. ಹಾಗಾಗಿ ಸ್ಪರ್ಧೆಗೆಂದು ನೋಡಿ ಬರೆದಿಟ್ಟವಳು ಅವ್ವ. ಬೀದರ್ ಕಡೆಯವಳಾದ ಅವಳಿಗೆ ಬರೆಯಲು ಬರುತ್ತಿದ್ದದ್ದು ಕನ್ನಡ ಮಾತ್ರ, ನನಗೂ ಕಲಿಸಿದ್ದಳು. ಆ ಹೆಸರು ಅವಳ ಕಿವಿಗೆ ಬಿದ್ದದ್ದು 'ಮರ್ಕಟ' ಎಂದು. "ಮರ್ಕಟ ಬಿಲದಾಗ ಇರ್ತದ. ಚೇಳಿನ ಕೊಂಡಿ ಮುರುದು ಮರಿಗಿ ಕೊಟ್ಟು ಬ್ಯಾಟಿ ಕಲಸ್ತದ. ಒಂದು ಎತ್ತರಕ್ಕ ಏರಿ ಹದ್ದು ಬರ್ತದೇನಂತ ಕಾಯ್ತದ, ಉಳದವು ಮಣ್ಣು ಕೆದರಿ ಹುಳಾ ತಿಂತಾವ." ಆರು ಪುಟ ತುಂಬ ಮರ್ಕಟ. ನಾನು ನಕ್ಕು ಹೆಸರು ತಿದ್ದಿದೆ. ಆದರೆ ಮರ್ಕಟ ಎಂದೇ ಓದಿ ಓದಿ ಪಳಗಿದ ನಾಲಿಗೆ ತಿದ್ದಿಕೊಳ್ಳಲಿಲ್ಲ.

ಔರಂಗಾಬಾದ್‌ಗೆ ನನ್ನ ಜೊತೆ ಬಂದವಳೂ ಅವ್ವನೇ. ವೇದಿಕೆಯಲ್ಲಿ ಎದುರಾಳಿ ಹುಡುಗ ಕಾವಲು ಮೀರ್‌ಕ್ಯಾಟನ್ನೇ ಉದಾಹರಣೆಗೆ ಎತ್ತಿಕೊಂಡ. ಅದು ತಾನು ಹಸಿದು ಗುಂಪನ್ನು ಕಾಯುವ ತ್ಯಾಗಿಯಂತೆ. ಚಪ್ಪಾಳೆ. ನಾನೆದ್ದು ಹಿಂದಿಯಲ್ಲಿ "ಈ ಮರ್ಕಟ" ಎಂದದ್ದೇ ತಡ, ಸಭಾಂಗಣವೆಲ್ಲ ನಗು.

"ಕೌನ್ಸಾ ಬಂದರ್ ಬಿಲ್ ಮೇಂ ರಹತಾ ಹೈ, ದೀದಿ?" ಎಂದ ಆತ. ಬಿಲದಲ್ಲಿರುವ ಮಂಗ ಯಾವುದೆಂದು.

ಕಿವಿ ಕಾದವು. ಆದರೆ ಬಾಯಿ ಸುಮ್ಮನಿರಲಿಲ್ಲ. "ನಾನು ಮಂಗ ಅಂದೆ. ನೀವು ಹೇಳುವ ಹೆಸರಿನಲ್ಲಿ ಬೆಕ್ಕಿದೆ. ಎರಡೂ ಅಲ್ಲ, ಅದು ಮುಂಗುಸಿಯ ಬಳಗ. ಹೆಸರು ಬಿಡಿ, ಹೊಟ್ಟೆ ನೋಡೋಣ." ನಗು ನನ್ನ ಕಡೆ ಹೊರಳಿತು. ಆ ಬಿಸಿಯಲ್ಲೇ ಅವ್ವನ ಕೊನೆಯ ಪುಟವನ್ನು ಹಿಂದಿಗೆ ತಿರುಗಿಸುತ್ತ ಹೋದೆ: ಹೊಟ್ಟೆ ತುಂಬಿದ ಮೀರ್‌ಕ್ಯಾಟೇ ಕಾವಲಿಗೆ ಏರುವುದು. ಹದ್ದು ಮೊದಲು ಕಾಣುವುದೂ ಅದಕ್ಕೇ, ಮೊದಲು ಬಿಲ ಸೇರುವುದೂ ಅದೇ. ಇದರಲ್ಲಿ ತ್ಯಾಗ ಎಲ್ಲಿದೆ, ತೋರಿಸಿ. ಆತ ಕಾಗದ ಮಗುಚುತ್ತಲೇ ಇದ್ದ, ಗಂಟೆ ಹೊಡೆಯಿತು. ಕಪ್ ನನ್ನ ಕೈಗೆ ಬಂತು, ತಂಡದ ಜಾಗವೂ ಉಳಿಯಿತು.

ವಾಪಸಾಗುವ ಬಸ್ಸಿನಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಊರಂಚಿನ ವಾಳೂಜ್‌ನ ಕಾರ್ಖಾನೆಗಳನ್ನು ದಾಟುವಷ್ಟರಲ್ಲಿ ಇಡೀ ವಾದವನ್ನು ಪಕ್ಕದ ಅವ್ವನಿಗೆ ಮೂರು ಸಲ ಒಪ್ಪಿಸಿದ್ದೆ. ಉಂಡವರೇ ಕಾಯುವುದು, ಹಸಿದವರು ಕಾಯುವುದು ಬರೀ ಕಥೆ.

"ಗೆದ್ದಿಯಲ್ಲಾ, ಈಗರೆ ಬಾಯಿ ಮುಚ್ಚು, ಮರ್ಕಟ," ಎಂದಳು.

ನೀರು ಕುಡಿಯೋಣವೆಂದು ಅವಳ ಚೀಲಕ್ಕೆ ಕೈ ಹಾಕಿದೆ. ರೊಟ್ಟಿಯ ಡಬ್ಬಿ ತಗುಲಿತು, ಖಾಲಿ. ಬೆಳಿಗ್ಗೆ ವೇದಿಕೆ ಹತ್ತುವ ಮುಂಚೆ ಅದನ್ನು ಪೂರ್ತಿ ಮುಗಿಸಿದವಳು ನಾನೇ. ಆಮೇಲೆ ಸ್ಪರ್ಧೆ ಮುಗಿಯುವವರೆಗೂ ಅವಳು ಬಾಗಿಲಲ್ಲಿ ನೀರಿನ ಬಾಟಲಿ ಹಿಡಿದು ನಿಂತೇ ಇದ್ದಳು.

"ಅವ್ವಾ," ಎಂದೆ, "ನೀ ಯಾವಾಗ ಉಂಡಿ?"